ಮೂರೇ ಅಕ್ಷರದ ‘ಸೆಟ್’, ಅರ್ಥ ಎಷ್ಟು?

ಕಳೆದ ತಿಂಗಳು ಓದುಗರಿಗೆ ನಾನೇ ಒಂದು ಪ್ರಶ್ನೆ ಹಾಕಿದ್ದೆ. ಇಂಗ್ಲಿಷಿನ ಯಾವ ಸಣ್ಣ ಪದ ನಿಮ್ಮನ್ನು ಜಾಸ್ತಿ ಕಾಡುತ್ತದೆ, ಬರೆದು ಕಳುಹಿಸಿ ಅಂತ. ಪತ್ರಗಳು ಬಂದವು. ಪೆರ್ಲದಿಂದ, ಕುಂಬಳೆಯಿಂದ, ಮುಳ್ಳೇರಿಯದಿಂದ, ಉಪ್ಪಳದಿಂದ. ನೋಡಿದರೆ ಮುಕ್ಕಾಲು ಪಾಲು ಪತ್ರಗಳಲ್ಲಿ ಒಂದೇ ಪದ: ‘ಸೆಟ್’. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಟೀಚರ್, ನಮಸ್ಕಾರ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಪ್ಲಸ್ ವನ್. ಗಣಿತದ ಮೊದಲ ಪಾಠದ ಹೆಸರೇ ‘ಸೆಟ್ಸ್’. ಅರ್ಥ ನೋಡುವ ಅಂತ ಡಿಕ್ಷನರಿ ತೆಗೆದರೆ ಎರಡು ಪುಟ ತುಂಬಾ ‘ಸೆಟ್’ ಉಂಟು. ಇಡು, ಕೂರಿಸು, ಮುಳುಗು, ಗಟ್ಟಿಯಾಗು, ಗುಂಪು, ನಿಗದಿಯಾದ. ಯಾವುದು ಹಿಡಿಯುವುದು ಅಂತ ಗೊತ್ತಾಗದೆ ಮುಚ್ಚಿಟ್ಟೆ. ಇಷ್ಟನ್ನೂ ಬಾಯಿಪಾಠ ಮಾಡಬೇಕಾ?
ಪ್ಲಸ್ ವನ್ ವಿದ್ಯಾರ್ಥಿನಿ, ಪೆರ್ಲ

ಉತ್ತರ: ಬೇಡ ಮಗಳೇ. ಡಿಕ್ಷನರಿ ಮತ್ತೆ ತೆಗೆ, ಹೆದರಬೇಡ. ನೀನು ನೋಡಿದ್ದು ಎರಡೇ ಪುಟ. ಆಕ್ಸ್‌ಫರ್ಡಿನವರ ಇಪ್ಪತ್ತು ಸಂಪುಟಗಳ ದೊಡ್ಡ ಡಿಕ್ಷನರಿ ಇದೆಯಲ್ಲ, 1989ರಲ್ಲಿ ಬಂದ ಅದರ ಎರಡನೇ ಆವೃತ್ತಿಯಲ್ಲಿ ‘ಸೆಟ್’ಗೆ ಸುಮಾರು 430 ಅರ್ಥ ಕೊಟ್ಟಿದ್ದಾರೆ. ಬರೀ ಈ ಒಂದು ಪದದ ವಿವರಣೆಗೆ ಸುಮಾರು 60,000 ಪದ ಖರ್ಚಾಗಿದೆ. ಆಗ ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ಇದಕ್ಕೇ. ಈಚೆಗೆ ತಿದ್ದುವಾಗ ‘ರನ್’ ಅನ್ನೋ ಪದ 645 ಅರ್ಥ ಹೊತ್ತುಕೊಂಡು ಬಂದು ಇದನ್ನು ಹಿಂದೆ ಹಾಕಿತು, ಅದು ಬೇರೆ ಮಾತು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವರೂ ಈ 430 ಅರ್ಥಗಳನ್ನು ಬಾಯಿಪಾಠ ಮಾಡಿಲ್ಲ. ಅವರಿಗೆ ಬುಡದ ಅರ್ಥ ಒಂದು ಗೊತ್ತಿರುತ್ತದೆ. ಉಳಿದದ್ದು ಪಕ್ಕದ ಪದ ನೋಡಿದಾಗ ತಾನಾಗಿ ಬರುತ್ತದೆ.

ಆ ಬುಡದ ಅರ್ಥ ನಮ್ಮ ಕನ್ನಡದಲ್ಲಿ ಒಂದೇ ಪದ. ಕೂರಿಸು.

ನಾವು ಕೂರು ಅಂದಮೇಲೆ ಕೂರಿಸು ಅನ್ನುತ್ತೇವೆ, ಬೀಳು ಅಂದಮೇಲೆ ಬೀಳಿಸು, ಕುಡಿ ಅಂದಮೇಲೆ ಕುಡಿಸು. ಇಂಗ್ಲಿಷಿನಲ್ಲೂ ಹಿಂದೆ ಇಂಥ ಜೋಡಿಗಳಿದ್ದವು, ಈಗ ಕೆಲವೇ ಉಳಿದಿವೆ. ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರಿಸು. ‘ಫಾಲ್’ ಅಂದರೆ ಬೀಳು, ‘ಫೆಲ್’ ಅಂದರೆ ಮರ ಬೀಳಿಸು. ‘ಡ್ರಿಂಕ್’ ಅಂದರೆ ಕುಡಿ, ‘ಡ್ರೆಂಚ್’ ಅಂದರೆ ಮೊದಲಿಗೆ ಕುಡಿಸು ಅಂತಲೇ ಇತ್ತು. ಈಗ ‘ಡ್ರೆಂಚ್’ ಅಂದರೆ ಮಳೆಯಲ್ಲಿ ತೋಯಿಸುವುದು ಅಂತ ಮಾತ್ರ ಪುಸ್ತಕದಲ್ಲಿ ಓದುತ್ತೇವೆ. ಆದರೆ ಹಸುವಿಗೆ ಬಾಯಿ ಬಿಡಿಸಿ ಬಿದಿರಿನ ಗೊಟ್ಟದಲ್ಲಿ ಮದ್ದು ಹೊಯ್ಯುತ್ತೇವಲ್ಲ, ಅದಕ್ಕೆ ದನದ ಡಾಕ್ಟರು ಇವತ್ತಿಗೂ ‘ಡ್ರೆಂಚ್’ ಅಂತಲೇ ಹೇಳುತ್ತಾರೆ.

ಈಗ ‘ಕೂರಿಸು’ವನ್ನು ಕೈಯಲ್ಲಿ ಹಿಡಿದುಕೊಂಡು ಡಿಕ್ಷನರಿಯ ಆ ಎರಡು ಪುಟದೊಳಗೆ ಹೋಗು. ಉಂಗುರಕ್ಕೆ ಕಲ್ಲು ಕೂರಿಸುವುದು ‘ಸೆಟ್’. ಮುರಿದ ಎಲುಬು ಕೂರಿಸುವುದು ‘ಸೆಟ್’. ಗಡಿಯಾರದ ಮುಳ್ಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದು ‘ಸೆಟ್’, ಅಲಾರಾಂ ಇಡುವುದೂ ಅದೇ. ಊಟಕ್ಕೆ ಎಲೆ ಹಾಕಿ ಲೋಟ ಇಡುವುದು ‘ಸೆಟ್’. ಇಲಿಗೆ ಬೋನು ಇಡುವುದು, ಮದುವೆಗೆ ದಿನ ಇಡುವುದು, ಪರೀಕ್ಷೆಗೆ ಪ್ರಶ್ನೆಪತ್ರಿಕೆ ಮಾಡುವುದು, ಬೆಂಕಿ ಇಡುವುದು ಎಲ್ಲ ‘ಸೆಟ್’. ಗಮನಿಸಿದೆಯಾ? ಇದರಲ್ಲಿ ಅರ್ಧಕ್ಕರ್ಧ ಕನ್ನಡದಲ್ಲೂ ‘ಇಡು’ ಅಥವಾ ‘ಕೂರಿಸು’ವೇ. ಬೋನು ಇಡುವುದು ಬೇರೆ, ದಿನ ಇಡುವುದು ಬೇರೆ, ಬೆಂಕಿ ಇಡುವುದು ಬೇರೆ. ಆದರೂ ನಮಗೆ ಯಾವತ್ತೂ ಗೊಂದಲ ಆಗಿಲ್ಲ. ಯಾಕೆಂದರೆ ಬೋನು, ದಿನ, ಬೆಂಕಿ ಅನ್ನೋ ಪದ ಪಕ್ಕದಲ್ಲೇ ನಿಂತು ದಾರಿ ಹೇಳುತ್ತದೆ.

ಗಟ್ಟಿಯಾಗು ಅನ್ನೋ ಅರ್ಥ ಹೇಗೆ ಬಂತು ಅಂತ ನೀನು ಕೇಳಬಹುದು. ನಾನು ಅದನ್ನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಕಳೆದ ಮಳೆಗೆ ನಮ್ಮ ಹಿತ್ತಿಲಿನ ಪಾಗಾರ ಜರಿದು ಬಿತ್ತು. ಬೇಸಿಗೆಯಲ್ಲಿ ಮತ್ತೆ ಕಟ್ಟಿಸಿದೆವು. ಮೇಸ್ತ್ರಿ ನೂಲು ಕಟ್ಟಿ, ಕರಣೆಯಲ್ಲಿ ಸಿಮೆಂಟು ಹೊಯಿಗೆ ಕಲಸಿದ್ದನ್ನು ಹರಡಿ, ಅದರ ಮೇಲೆ ಕೆಂಪುಕಲ್ಲು ಇಟ್ಟರು. ಇಟ್ಟ ಕೂಡಲೇ ಕಲ್ಲು ಸ್ವಲ್ಪ ಆಚೀಚೆ ಅಲ್ಲಾಡುತ್ತಿತ್ತು. ಕರಣೆಯ ಹಿಡಿಯಿಂದ ಎರಡು ಸಲ ಕುಟ್ಟಿದರು. ಬಗ್ಗಿ ನೂಲಿನ ಸಾಲಿನಲ್ಲಿ ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದು ಸಲ ಕುಟ್ಟಿದರು. “ಹಾಂ, ಈಗ ಕೂತಿತು” ಅಂದರು. ಆ ಕಡೆ ಕಲ್ಲು ಹೊತ್ತು ತಂದ ಹುಡುಗ ಮಲಯಾಳದಲ್ಲಿ “ಸೆಟ್ಟಾಯಿ” ಅಂದ. ಇಬ್ಬರೂ ಹೇಳಿದ್ದು ಒಂದೇ ಮಾತು. ಮಧ್ಯಾಹ್ನ ಊಟ ಮುಗಿಸಿ ಬಂದು ನಾನು ಅದೇ ಕಲ್ಲನ್ನು ಬೆರಳಿನಿಂದ ತಳ್ಳಿ ನೋಡಿದೆ. ಅಲ್ಲಾಡಲಿಲ್ಲ. ಕೂತದ್ದು ಅಲ್ಲಾಡದೆ ಆಯಿತು ಅಂದರೆ ಅಲ್ಲಿಗೆ ಅದು ಗಟ್ಟಿಯಾದ ಹಾಗೆ ಅಲ್ವಾ? ‘ಸಿಮೆಂಟ್ ಸೆಟ್ ಆಯ್ತು’ ಅನ್ನುವುದು ಇದನ್ನೇ. ಭಾರತದ ಮಾನಕದ ಪ್ರಕಾರ ನೀರು ಕಲಸಿದ ಮಾಮೂಲಿ ಸಿಮೆಂಟು 30 ನಿಮಿಷದ ಒಳಗೆ ಸೆಟ್ ಆಗಲು ಶುರುವಾಗಬಾರದು, 600 ನಿಮಿಷದ ಒಳಗೆ ಪೂರ್ತಿ ಸೆಟ್ ಆಗಬೇಕು. ಬೇಗ ಕೂರದಿರಲಿ ಅಂತಲೇ ಅದಕ್ಕೆ ಜಿಪ್ಸಂ ಬೆರೆಸುತ್ತಾರೆ. ಮೊಸರು ಹೆಪ್ಪುಗಟ್ಟುವುದು, ತಟ್ಟೆಗೆ ಹೊಯ್ದ ರಾಗಿಮಣ್ಣಿ ಚೂರಿ ಹಾಕುವಷ್ಟು ಗಟ್ಟಿಯಾಗುವುದು, ಇದಕ್ಕೂ ಇಂಗ್ಲಿಷಿನವರು ಅದೇ ಪದ ಹೇಳುತ್ತಾರೆ.

ಇನ್ನು ಸಂಜೆ ಸೂರ್ಯ ಹೋಗಿ ತನ್ನ ಜಾಗದಲ್ಲಿ ಕೂತ ಅಂದುಕೊ, ‘ಸನ್‌ಸೆಟ್’ ಮರೆಯುವುದಿಲ್ಲ. ನಮ್ಮಲ್ಲಿ ಹೊತ್ತು ಕಂತುತ್ತದೆ, ಅವರಲ್ಲಿ ಕೂರುತ್ತದೆ.

ಇಷ್ಟು ಹೇಳಿ ನಿನ್ನ ಗಣಿತಕ್ಕೆ ಬರುತ್ತೇನೆ. ಗುಂಪು ಅನ್ನೋ ಅರ್ಥದ ‘ಸೆಟ್’ ಇದೆಯಲ್ಲ, ಅದರ ಹುಟ್ಟೇ ಬೇರೆ. ಅದು ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಹಳೆಯ ಫ್ರೆಂಚಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಬಂದದ್ದು. ‘ಸೆಕ್ಟಾ’ ಅಂದರೆ ಒಬ್ಬರ ಹಿಂದೆ ಹೋಗುವವರು, ಅನುಯಾಯಿಗಳು. ಪಂಥ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಸೆಕ್ಟ್’ ಅನ್ನುತ್ತಾರಲ್ಲ, ಅದು ಇದರ ಒಡಹುಟ್ಟು. ಎರಡು ಬೇರೆ ಪದಗಳು ಉಚ್ಚಾರಣೆ ಸವೆದು ಸವೆದು ಒಂದೇ ಥರ ಆಗಿ, ಆಮೇಲೆ ಅರ್ಥದಲ್ಲೂ ಒಂದನ್ನೊಂದು ತಾಗಿಕೊಂಡವು. ಹಾಗಾಗಿ ಡಿಕ್ಷನರಿಯಲ್ಲಿ ನೀನು ಕಂಡದ್ದು ಒಂದೇ ಮನೆಯ ಜನ ಅಲ್ಲ, ಎರಡು ಮನೆಯವರು ಒಂದೇ ಚಾವಡಿಯಲ್ಲಿ ಕೂತಿದ್ದಾರೆ.

ಗಣಿತದ ‘ಸೆಟ್’ಗೆ ಕನ್ನಡದಲ್ಲಿ ‘ಗಣ’ ಅನ್ನುತ್ತಾರೆ. ಈ ವಿಷಯ ಬೆಳೆಸಿದವರು ಜಾರ್ಜ್ ಕ್ಯಾಂಟರ್, 1870ರ ದಶಕದಲ್ಲಿ, ಜರ್ಮನಿಯಲ್ಲಿ ಪಾಠ ಹೇಳುತ್ತಾ. ಅವರ ಭಾಷೆಯಲ್ಲಿ ಪದ ‘ಮೆಂಗೆ’, ಅಂದರೆ ರಾಶಿ. ಇಂಗ್ಲಿಷಿನವರು ಅದಕ್ಕೆ ‘ಸೆಟ್’ ಅಂತ ಹೆಸರಿಟ್ಟರು. ನಿನಗೆ ಬೇಕಾದದ್ದು ಇಷ್ಟೇ: ಯಾವುದು ಒಳಗೆ, ಯಾವುದು ಹೊರಗೆ ಅಂತ ಸಂಶಯ ಇಲ್ಲದೆ ಹೇಳಲು ಬರುವ ಗುಂಪು ಮಾತ್ರ ‘ಸೆಟ್’. ‘ಕಾಸರಗೋಡು ಜಿಲ್ಲೆಯ ಚಂದದ ಊರುಗಳು’ ಅಂದರೆ ಅದು ಸೆಟ್ ಅಲ್ಲ, ನಿನಗೆ ಪೆರ್ಲ ಚಂದ, ನನಗೆ ಅನಂತಪುರ ಚಂದ. ‘ಕಾಸರಗೋಡು ಜಿಲ್ಲೆಯ ತಾಲೂಕುಗಳು’ ಅಂದರೆ ಅದು ಸೆಟ್. ಮಂಜೇಶ್ವರ, ಕಾಸರಗೋಡು, ಹೊಸದುರ್ಗ, ವೆಳ್ಳರಿಕುಂಡು, ನಾಲ್ಕೇ ನಾಲ್ಕು. ಯಾವುದನ್ನು ಮೊದಲು ಬರೆದರೂ ಸೆಟ್ ಬದಲಾಗುವುದಿಲ್ಲ. ಒಂದನ್ನು ಎರಡು ಸಲ ಬರೆದರೂ ಲೆಕ್ಕ ಒಂದೇ. ಇಂಗ್ಲಿಷಿನಲ್ಲಿ ‘ಮಲಯಾಳಂ’ ಅಂತ ಬರೆದು ನೋಡು. ಒಂಬತ್ತು ಅಕ್ಷರ, ಹಿಂದಿನಿಂದ ಓದಿದರೂ ಅದೇ. ಆದರೆ ಅದರ ಅಕ್ಷರಗಳ ಸೆಟ್‌ನಲ್ಲಿ ಇರುವುದು ಎಂ, ಎ, ಎಲ್, ವೈ, ಅಂದರೆ ನಾಲ್ಕೇ. ಇದು ಅರ್ಥ ಆದರೆ ಮೊದಲ ಪಾಠದ ಅರ್ಧ ದಾರಿ ದಾಟಿದೆ.

ಇನ್ನೊಂದು ಮಾತು. ನಾನೂ ಹತ್ತರವರೆಗೆ ಕನ್ನಡ ಮಾಧ್ಯಮದವಳೇ. ಆಗ ಪ್ಲಸ್ ವನ್ ಅಂತ ಇರಲಿಲ್ಲ, ಪ್ರೀ ಡಿಗ್ರಿ. ಮೊದಲ ವಾರ ಒಂದು ಪದವೂ ತಲೆಗೆ ಹೋಗಲಿಲ್ಲ. ಪಾಠ ಮಾಡುವವರು ಯಾರೂ ನಮ್ಮ ಭಾಷೆಯಲ್ಲಿ ಒಂದು ಸಾಲು ಬಿಡಿಸಿ ಹೇಳಲಿಲ್ಲ, ಅದರ ನೋವು ಇವತ್ತಿಗೂ ಇದೆ. ‘ಸಿಟ್’ಗೂ ‘ಸೆಟ್’ಗೂ ಇರುವ ಸಂಬಂಧ ಕೂರು–ಕೂರಿಸು ಅಂತ ಆಗ ಯಾರಾದರೂ ಹೇಳಿದ್ದರೆ ಎಷ್ಟು ಸಲೀಸಾಗುತ್ತಿತ್ತು! ನೀನು ಕಲಿತ ಕನ್ನಡ ಇಂಗ್ಲಿಷಿಗೆ ಅಡ್ಡ ಬರುವುದಿಲ್ಲ. ಕ್ಲಾಸಿನಲ್ಲಿ ಗೊತ್ತಾಗದ ಪದವನ್ನು ಕನ್ನಡದಲ್ಲೇ ಪುಸ್ತಕದ ಅಂಚಿನಲ್ಲಿ ಬರೆದುಕೊ. ‘ಸಬ್‌ಸೆಟ್’ ಪಕ್ಕದಲ್ಲಿ ಉಪಗಣ, ‘ಎಂಪ್ಟಿ ಸೆಟ್’ ಪಕ್ಕದಲ್ಲಿ ಶೂನ್ಯ ಗಣ. ನಾಚಿಕೆ ಬೇಡ.

ಪ್ರಶ್ನೆ: ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ. ಸೆಟ್ ಇನ್, ಸೆಟ್ ಔಟ್, ಸೆಟ್ ಅಪ್, ಸೆಟ್ ಆಫ್, ಸೆಟ್ ಅಬೌಟ್ ಎಲ್ಲ ತಲೆಯಲ್ಲಿ ಕಲಸಿಹೋಗುತ್ತವೆ. ಪಟ್ಟಿ ಎಷ್ಟು ಸಲ ಬರೆದರೂ ಮರುದಿನ ಮರೆತಿರುತ್ತದೆ.
ಉದ್ಯೋಗಾಕಾಂಕ್ಷಿ, ಕುಂಬಳೆ

ಉತ್ತರ: ಪಟ್ಟಿ ಮಾಡಿದರೆ ಮರೆಯುತ್ತದೆ, ಅದು ನಿಮ್ಮ ತಪ್ಪಲ್ಲ. ಒಂದೊಂದಕ್ಕೆ ನಮ್ಮೂರಿನ ಒಂದು ಚಿತ್ರ ಅಂಟಿಸಿಕೊಳ್ಳಿ.

‘ಸೆಟ್ ಇನ್’ ಅಂದರೆ ನಾವು ‘ಹಿಡಿಯಿತು’ ಅನ್ನುತ್ತೇವಲ್ಲ, ಅದು. ಮಳೆ ಹಿಡಿಯಿತು. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಆವತ್ತು ಒಂದು ಮಳೆ ಬಂದು ಹೋದರೆ ಅದು ‘ಸೆಟ್ ಇನ್’ ಅಲ್ಲ. ಬಂದದ್ದು ಸದ್ಯಕ್ಕೆ ಹೋಗುವುದಿಲ್ಲ ಅಂತ ಗೊತ್ತಾಗಬೇಕು, ಅಂಗಳದಲ್ಲಿ ಪಾಚಿ ಕಟ್ಟಬೇಕು. ಮರಕ್ಕೆ ಗೆದ್ದಲು ಹಿಡಿಯುವುದು, ಗಾಯಕ್ಕೆ ಕೀವು ಹಿಡಿಯುವುದು, ಮನಸ್ಸಿಗೆ ಬೇಸರ ಹಿಡಿಯುವುದು ಇದಕ್ಕೆಲ್ಲ ‘ಸೆಟ್ ಇನ್’ ಬರುತ್ತದೆ. ಒಳ್ಳೆಯದಕ್ಕಿಂತ ಬೇಡದ್ದು ಬಂದು ಕೂತಾಗಲೇ ಇದನ್ನು ಜಾಸ್ತಿ ಬಳಸುತ್ತಾರೆ. ನಮ್ಮ ‘ಹಿಡಿ’ಯೂ ಹಾಗೆಯೇ, ನೋಡಿ.

‘ಸೆಟ್ ಔಟ್’ ಮತ್ತು ‘ಸೆಟ್ ಅಬೌಟ್’ ಎರಡೂ ಒಂದು ಕೆಲಸಕ್ಕೆ ಹೊರಡುವುದೇ. ಪರೀಕ್ಷೆಯಲ್ಲಿ ಕೇಳುವುದು ಇವುಗಳ ಮುಂದೆ ಏನು ಬರುತ್ತದೆ ಅಂತ. ‘ಸೆಟ್ ಔಟ್’ ಆದಮೇಲೆ ‘ಟು’ ಬರುತ್ತದೆ, ‘ಸೆಟ್ ಔಟ್ ಟು ಬಿಲ್ಡ್’. ‘ಸೆಟ್ ಅಬೌಟ್’ ಆದಮೇಲೆ ‘ಇಂಗ್’ ಬರುತ್ತದೆ, ‘ಸೆಟ್ ಅಬೌಟ್ ಬಿಲ್ಡಿಂಗ್’. ಮೊದಲನೆಯದರಲ್ಲಿ ಗುರಿ ಇದೆ, ಮನಸ್ಸಿನಲ್ಲಿ ಹೊರಟಿದ್ದಾರೆ. ಎರಡನೆಯದರಲ್ಲಿ ಪಂಚೆ ಎತ್ತಿ ಕಟ್ಟಿ ಕೆಲಸಕ್ಕೆ ಕೈ ಹಾಕಿಯೇ ಬಿಟ್ಟಿದ್ದಾರೆ. ‘ಸೆಟ್ ಅಪ್’ ಅಂದರೆ ಕೂರಿಸಿ ಎದ್ದು ನಿಲ್ಲಿಸುವುದು: ಅಂಗಡಿ ಇಡುವುದು, ಸಂಘ ಕಟ್ಟುವುದು, ಯಕ್ಷಗಾನದ ಆಟಕ್ಕೆ ರಂಗಸ್ಥಳ ಕಟ್ಟುವುದು. ‘ಸೆಟ್ ಆಫ್’ಗೆ ಎರಡು ಚಿತ್ರ ಇಟ್ಟುಕೊಳ್ಳಿ, ಬೆಳಗ್ಗಿನ ಬಸ್ಸಿಗೆ ಮಂಗಳೂರಿಗೆ ಹೊರಡುವುದು ಒಂದು, ಮಾಲೆಪಟಾಕಿಗೆ ಬೆಂಕಿ ಮುಟ್ಟಿಸುವುದು ಇನ್ನೊಂದು. ಮೂರನೆಯದೂ ಇದೆ, ಬ್ಯಾಂಕಿನದ್ದು. ನೀವು ಸಾಲ ಕಟ್ಟದೆ ಬಾಕಿ ಇಟ್ಟರೆ ಅದೇ ಬ್ಯಾಂಕಿನಲ್ಲಿರುವ ನಿಮ್ಮ ಠೇವಣಿಯನ್ನು ಸಾಲಕ್ಕೆ ಮುರಿದುಕೊಳ್ಳುವುದು.

ಇನ್ನು ಕಾಲದ ವಿಷಯ. ಸೆಟ್, ಸೆಟ್, ಸೆಟ್, ಮೂರೂ ಒಂದೇ. ‘ಸೆಟ್ಟೆಡ್’ ಅಂತ ಇಲ್ಲವೇ ಇಲ್ಲ. ‘ಹಿ ಸೆಟ್’ ಅಂತ ಕಂಡರೆ ಅದು ಕಳೆದುಹೋದದ್ದು. ಈಗಿನದಾಗಿದ್ದರೆ ‘ಹಿ ಸೆಟ್ಸ್’ ಆಗಬೇಕಿತ್ತಲ್ಲ? ಈ ಒಂದು ‘ಸ್’ ನೋಡಿ ಮಾರ್ಕು ಉಳಿಸಿಕೊಳ್ಳಿ.

ಒಂದು ಎಚ್ಚರಿಕೆ ಕೂಡ. ‘ಆ ಊರು ನನಗೆ ಸೆಟ್ ಆಗಲ್ಲ’, ‘ಆ ಕೆಲಸ ಅವನಿಗೆ ಸೆಟ್ ಆಗಲಿಲ್ಲ’ ಅಂತ ನಾವು ದಿನಾ ಹೇಳುತ್ತೇವೆ. ಕನ್ನಡದಲ್ಲಿ ಅದು ಸರಿಯಾಗಿಯೇ ಇದೆ, ಹೊಂದಿಕೆ ಆಗಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಇಂಗ್ಲಿಷಿನಲ್ಲಿ ಆ ಜಾಗಕ್ಕೆ ‘ಸೂಟ್’ ಬರಬೇಕು, ‘ಸೆಟ್’ ಅಲ್ಲ. ಸಂದರ್ಶನದಲ್ಲಿ ಈ ತಪ್ಪು ಬಾಯಿಗೆ ಬೇಗ ಬರುತ್ತದೆ.

ಪ್ರಶ್ನೆ: ಜಾಗದ ತಕರಾರಿನ ಕೇಸೊಂದು ನಮ್ಮದು ಹಲವು ವರ್ಷದಿಂದ ನಡೆಯುತ್ತಾ ಉಂಟು. ಕೆಳಗಿನ ಕೋರ್ಟಿನ ಆದೇಶ ನಮಗೆ ವಿರುದ್ಧವಾಗಿ ಬಂದಿತ್ತು, ಮೇಲೆ ಹೋದೆವು. ಅಲ್ಲಿಂದ ಬಂದ ಕಾಗದದಲ್ಲಿ ಆ ಆದೇಶ ‘ಸೆಟ್ ಅಸೈಡ್’ ಅಂತ ಬರೆದಿತ್ತು. ಬದಿಗೆ ಇಟ್ಟಿದ್ದಾರೆ, ಇನ್ನು ಯಾವಾಗಲೋ ತೆಗೆಯುತ್ತಾರೆ ಅಂತ ನಾವು ತಿಂಗಳುಗಟ್ಟಲೆ ಸುಮ್ನೆ ಕೂತೆವು. ಮೊನ್ನೆ ಮಗನ ಸ್ನೇಹಿತರೊಬ್ಬರು ಓದಿ, ಹಾಗಲ್ಲ ಅಂದರು. ಸರಿಯಾದ ಅರ್ಥ ಯಾವುದು? ಇನ್ನೊಂದು, ಅಡಿಕೆ ಬಗ್ಗೆ ಇಂಗ್ಲಿಷಿನ ಕರಪತ್ರದಲ್ಲಿ ‘ಫ್ರೂಟ್ ಸೆಟ್’ ಅಂತ ಕಂಡೆ. ಅದು ಹಣ್ಣುಗಳ ಗುಂಪಾ?
ಕೃಷಿಕರು, ಮುಳ್ಳೇರಿಯ

ಉತ್ತರ: ನಿಮ್ಮ ಪತ್ರ ಓದಿ ಮನಸ್ಸಿಗೆ ಬೇಜಾರಾಯಿತು. ಎರಡು ಸಣ್ಣ ಪದ ಗೊತ್ತಿಲ್ಲದ್ದಕ್ಕೆ ಅಷ್ಟು ತಿಂಗಳು ಹೋಯಿತಲ್ಲ. ಸ್ನೇಹಿತರು ಹೇಳಿದ್ದೇ ಸರಿ. ಕೋರ್ಟಿನ ಭಾಷೆಯಲ್ಲಿ ಒಂದು ಆದೇಶವನ್ನು ‘ಸೆಟ್ ಅಸೈಡ್’ ಮಾಡುವುದು ಅಂದರೆ ರದ್ದು ಮಾಡುವುದು. ನಿಮಗೆ ವಿರುದ್ಧವಾಗಿದ್ದ ಆ ಆದೇಶ ಈಗ ಇಲ್ಲ. ಆದರೆ ಕೇಸು ಅಲ್ಲಿಗೆ ಮುಗಿಯಿತಾ, ಮತ್ತೆ ವಿಚಾರಣೆಗೆ ಕೆಳಗೆ ಕಳುಹಿಸಿದ್ದಾರಾ ಅನ್ನೋದು ಅದೇ ಕಾಗದದ ಮುಂದಿನ ಸಾಲುಗಳಲ್ಲಿ ಇರುತ್ತದೆ. ಇಂಥದ್ದಕ್ಕೆಲ್ಲ ಗಡುವು ಇರುತ್ತದೆ, ಹಾಗಾಗಿ ಇವತ್ತೇ ಆ ಕಾಗದ ತೆಗೆದುಕೊಂಡು ನಿಮ್ಮ ವಕೀಲರ ಹತ್ತಿರ ಹೋಗಿ.

ಗೊಂದಲ ಆದದ್ದು ಯಾಕೆ ಅಂದರೆ, ದುಡ್ಡಿನ ವಿಷಯದಲ್ಲಿ ‘ಸೆಟ್ ಅಸೈಡ್’ ನೀವು ತಿಳಿದ ಹಾಗೆಯೇ. ಮಗಳ ಮದುವೆಗೆ ಅಂತ ಸ್ವಲ್ಪ ಬದಿಗೆ ತೆಗೆದಿಡುವುದು. ಪಕ್ಕದ ಪದ ‘ದುಡ್ಡು’ ಆದರೆ ತೆಗೆದಿಡು, ‘ಆದೇಶ’ ಅಥವಾ ‘ತೀರ್ಪು’ ಆದರೆ ರದ್ದುಮಾಡು. ತೀರ್ಪನ್ನು ಆಮೇಲೆ ಹೇಳುತ್ತೇವೆ ಅಂತ ಇಟ್ಟುಕೊಂಡರೆ ಅದಕ್ಕೆ ‘ರಿಸರ್ವ್ಡ್’ ಅನ್ನುತ್ತಾರೆ. ಸದ್ಯಕ್ಕೆ ಜಾರಿ ಮಾಡಬೇಡಿ ಅಂತ ತಡೆದರೆ ‘ಸ್ಟೇ’. ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕೇಸಿನ ಫೈಲಿಗೆ ಅಂಟಿಸಿಡಿ.

ನಮ್ಮ ಕಡೆ ಈ ಕಷ್ಟ ಎರಡು ಪಾಲು. ಕಾಗದ ಬಂದರೆ ಒಂದೋ ಮಲಯಾಳದಲ್ಲಿ, ಇಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾತ್ರ ಓದಲು ಬರುವ ಹಿರಿಯರು ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಓದಿ ಹೇಳುವವರನ್ನು ಹುಡುಕುತ್ತಾ ತಿರುಗುವುದನ್ನು ನಾನು ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಓದುಗರೇ, ನಿಮ್ಮ ಅಕ್ಕಪಕ್ಕದಲ್ಲಿ ಅಂಥವರು ಇದ್ದರೆ ದಯವಿಟ್ಟು ಓದಿ ಹೇಳಿ, ಅರ್ಥ ಸಂಶಯವಾದರೆ ಊಹಿಸಬೇಡಿ.

ಅಡಿಕೆಯ ‘ಫ್ರೂಟ್ ಸೆಟ್’ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುವ ವಿಷಯವೇ, ಹೆಸರು ಮಾತ್ರ ಹೊಸದು. ಕಾಯಿ ಕಚ್ಚುವುದು ಅನ್ನುತ್ತೇವಲ್ಲ, ಅದೇ. ಹಿಂಗಾರದಲ್ಲಿ ಗಂಡು ಹೂವು ಮೊದಲು ಅರಳಿ ಉದುರುತ್ತದೆ, ಹೆಣ್ಣು ಹೂವು ಆಮೇಲೆ. ಗಾಳಿಯಲ್ಲಿ ಬಂದ ಪರಾಗ ಕೂಡಿಕೊಂಡರೆ ಹೂವು ಕಾಯಿಯಾಗಿ ಗೊನೆಯಲ್ಲಿ ಕೂರುತ್ತದೆ. ಇಲ್ಲದಿದ್ದರೆ ನಳ್ಳಿಯಾಗಿ ಉದುರುತ್ತದೆ. ನೂರು ಹೆಣ್ಣು ಹೂವಿನಲ್ಲಿ ಇಪ್ಪತ್ತು ನಿಂತರೆ ‘ಫ್ರೂಟ್ ಸೆಟ್’ ಶೇಕಡಾ 20. ಅವರದ್ದು ಕೂರುತ್ತದೆ, ನಮ್ಮದು ಕಚ್ಚುತ್ತದೆ. ನನಗೆ ನಮ್ಮದೇ ಇಷ್ಟ, ಹೂವು ಗೊನೆಯನ್ನು ಬಿಡದೆ ಹಿಡಿದುಕೊಂಡದ್ದು ಆ ಪದದಲ್ಲಿ ಕಾಣುತ್ತದೆ. ನಮ್ಮ ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಕೇಂದ್ರವಾಗಿ ಶುರುವಾದ ಸಂಸ್ಥೆ, ಈಗಿನ ಸಿಪಿಸಿಆರ್‌ಐ ಅಂದರೆ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ತೆಂಗು ಅಡಿಕೆಯ ಬಗ್ಗೆ ಇಷ್ಟು ಕೆಲಸ ಮಾಡಿದೆ. ಇಂಥ ವಿಷಯದ ಕರಪತ್ರ ಯಾರೇ ಕನ್ನಡಕ್ಕೆ ತರಲಿ, ‘ಫಲ ಸ್ಥಾಪನೆ’ ಅಂತ ಹೊಸದು ಕಟ್ಟುವ ಬದಲು ತೋಟದಲ್ಲಿ ಆಡುವ ಮಾತನ್ನೇ ಹಾಕಿದರೆ ಎಷ್ಟು ಉಪಕಾರ.

ಪ್ರಶ್ನೆ: ಸೆಟ್ ದೋಸೆ, ಸೆಟ್ ಮುಂಡು, ಸೆಟ್ ಸೀರೆ, ಸೆಟ್ ಪರೀಕ್ಷೆ. ಎಲ್ಲದರ ಸೆಟ್ ಒಂದೆಯಾ?
ಗೃಹಿಣಿ, ಬದಿಯಡ್ಕ

ಉತ್ತರ: ಪರೀಕ್ಷೆಯನ್ನು ಮೊದಲು ಆಚೆ ಇಡಿ. ಅದು ಪದವೇ ಅಲ್ಲ, ‘ಸ್ಟೇಟ್ ಎಲಿಜಿಬಿಲಿಟಿ ಟೆಸ್ಟ್’ನ ಮೂರು ಪದಗಳ ಮೊದಲ ಅಕ್ಷರ.

ಉಳಿದದ್ದು ಗುಂಪಿನ ಸೆಟ್. ದೋಸೆ ಒಂದೊಂದಾಗಿ ಬಾರದೆ ಎರಡೋ ಮೂರೋ ಒಟ್ಟಿಗೆ ಬರುತ್ತದೆ, ಹಾಗಾಗಿ ಸೆಟ್ ದೋಸೆ. ಅಂದರೆ ದೋಸೆಯ ಸೆಟ್ ‘ಸೆಕ್ಟಾ’ದ ಕಡೆಯದ್ದು, ಕಲ್ಲಿನಲ್ಲಿ ಹಿಟ್ಟು ‘ಸೆಟ್ ಆಗುವುದು’ ಕೂರಿಸುವ ಕಡೆಯದ್ದು. ಓಣಂಗೆ ನಮ್ಮ ಶಾಲೆಯಲ್ಲಿ ಟೀಚರುಗಳು ಉಡುವ ಸೆಟ್ ಮುಂಡು ಎರಡು ತುಂಡು, ಉಡಲು ಒಂದು ಮುಂಡು, ಹೊದೆಯಲು ಒಂದು ನೇರಿಯದು. ಎರಡೂ ಸೇರಿ ಒಂದು ಸೆಟ್. ಅದೇ ಕಸವು ಅಂಚಿನ ಒಂದೇ ಉದ್ದದ ಬಟ್ಟೆ ಬಂದಾಗ ಅದಕ್ಕೂ ‘ಸೆಟ್ ಸೀರೆ’ ಅಂತಲೇ ಹೆಸರು ಅಂಟಿತು.

ಪ್ರಶ್ನೆ: ಗಡಿನಾಡಿನಲ್ಲಿ ಕನ್ನಡ ಉಳಿಯುವುದೇ ಕಷ್ಟವಾಗಿದೆ. ಇರುವ ಒಂದೆರಡು ಪುಟವನ್ನೂ ಇಂಗ್ಲಿಷ್ ಪದಕ್ಕೆ ಕೊಡುತ್ತೀರಿ. ಒಂದು ಪದಕ್ಕೆ ನೂರು ಅರ್ಥ ಇರುವ ಭಾಷೆ ಅದೆಂಥ ಭಾಷೆ? ನಮ್ಮ ಕನ್ನಡದಲ್ಲಿ ಇಂಥ ಗೊಂದಲ ಇಲ್ಲ.
ನಿವೃತ್ತ ನೌಕರರು, ಕಾಸರಗೋಡು

ಉತ್ತರ: ಹಿರಿಯರೇ, ನಿಮ್ಮ ಕಳಕಳಿ ನನ್ನದೂ ಹೌದು. ಆದರೆ ಕೊನೆಯ ಮಾತನ್ನು ಒಪ್ಪಲಾರೆ. ನಮ್ಮ ‘ಕಟ್ಟು’ವನ್ನೇ ನೋಡಿ. ಮನೆ ಕಟ್ಟುತ್ತೇವೆ, ಹಸು ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ, ಕರೆಂಟ್ ಬಿಲ್ಲು ಕಟ್ಟುತ್ತೇವೆ. ಮಲ್ಲಿಗೆ ಕಟ್ಟುತ್ತೇವೆ. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುತ್ತಾರೆ, ಮಲಯಾಳದಲ್ಲೂ ತೆಯ್ಯಂ ‘ಕೆಟ್ಟು’ತ್ತಾರೆ. ಮೂಗು ಕಟ್ಟುತ್ತದೆ, ಮೋಡ ಕಟ್ಟುತ್ತದೆ, ಹಾಲಿನ ಮೇಲೆ ಕೆನೆ ಕಟ್ಟುತ್ತದೆ. ಮಕ್ಕಳನ್ನು ಓದಿಸಲು ತಾಯಿ ಹೊಟ್ಟೆ ಬಟ್ಟೆ ಕಟ್ಟುತ್ತಾಳೆ. ಇಲ್ಲದ್ದನ್ನು ಹೇಳಿದರೆ ಕಥೆ ಕಟ್ಟಿದ ಅನ್ನುತ್ತೇವೆ. ಹೊರಗಿನಿಂದ ಬಂದು ಕನ್ನಡ ಕಲಿಯುವವರಿಗೆ ಇದು ‘ಸೆಟ್’ನಷ್ಟೇ ತಲೆನೋವು. ನಮಗೆ ಅದು ಗೊತ್ತಾಗದಿರುವುದು ನಾವು ಅದರೊಳಗೆ ಹುಟ್ಟಿದ್ದಕ್ಕೆ.

ಆ ತಲೆನೋವನ್ನು ಮೈಮೇಲೆ ಎಳೆದುಕೊಂಡವರು ಕಿಟೆಲ್. ಜರ್ಮನಿಯಿಂದ ಬಂದು ಕನ್ನಡದ ಸುಮಾರು 70,000 ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದರು. 1894ರಲ್ಲಿ ಅದು ಇಲ್ಲೇ ಮಂಗಳೂರಿನಲ್ಲಿ, ಬಾಸೆಲ್ ಮಿಶನ್ನಿನ ಅಚ್ಚುಕೂಟದಲ್ಲಿ ಮುದ್ರಣವಾಯಿತು. ಅಚ್ಚುಮೊಳೆ ಒಂದೊಂದನ್ನೇ ಕೈಯಲ್ಲಿ ಆರಿಸಿ ಸಾಲಿನಲ್ಲಿ ಕೂರಿಸುವ ಕಾಲ ಅದು. ಆ ಕೆಲಸಕ್ಕೂ ಇಂಗ್ಲಿಷಿನ ಹೆಸರು ‘ಸೆಟ್’ ಮಾಡುವುದೇ. ಮಂಜೇಶ್ವರದ ಗೋವಿಂದ ಪೈಗಳು ಎಷ್ಟೋ ಭಾಷೆ ಕಲಿತರು, ಕಾವ್ಯ ಬರೆದದ್ದು ಕನ್ನಡದಲ್ಲಿ. ಬೇರೆ ಭಾಷೆ ಬಂದದ್ದರಿಂದ ಅವರ ಕನ್ನಡ ಕಡಿಮೆ ಆಗಲಿಲ್ಲ. ಪೆರ್ಲದ ಆ ಹುಡುಗಿಗೆ ನಾನು ಕೂರು–ಕೂರಿಸು ಅಂತ ಬರೆದದ್ದು ಇಂಗ್ಲಿಷಿನ ಮೇಲಿನ ಮೋಹದಿಂದ ಅಲ್ಲ. ಕನ್ನಡ ಓದಿ ಹಿಂದೆ ಬಿದ್ದೆ ಅಂತ ಅವಳಿಗೆ ಅನ್ನಿಸಬಾರದು, ಮುಂದೆ ಅವಳ ಮಗುವನ್ನು ಅವಳು ಕನ್ನಡ ಶಾಲೆಗೆ ಕಳುಹಿಸಬೇಕು ಅಂತ.

ಒಂದು ಸಂಗತಿ ನಿಮಗೆ ಖುಷಿ ಕೊಡಬಹುದು. ಇಂಗ್ಲಿಷಿನ ಸಿಟ್, ಸೆಟ್, ಸೀಟ್, ಸೆಟ್ಲ್ ಇವೆಲ್ಲ ಯಾವ ಹಳೆಯ ಬೇರಿನಿಂದ ಬಂದವೋ, ಸಂಸ್ಕೃತದ ‘ಸದ್’ ಕೂಡ ಅದೇ ಬೇರಿನದ್ದು. ಅರ್ಥವೂ ಅದೇ, ಕೂರು. ಸದನ, ಸಂಸತ್ತು, ಗುರುವಿನ ಹತ್ತಿರ ಕೂತು ಕೇಳುವ ಉಪನಿಷತ್ತು, ಸುತ್ತ ಕೂತವರ ಪರಿಷತ್ತು. 1915ರಿಂದ ನಡೆಯುತ್ತಿರುವ ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಹೆಸರಿನಲ್ಲೇ ‘ಸೆಟ್’ನ ಸಂಬಂಧಿಯೊಬ್ಬರು ಕೂತಿದ್ದಾರೆ.

ಪ್ರಶ್ನೆ: ಮಗ ಕೋಳಿಮರಿ ಮಾಡುವ ಕಡೆ ಕೆಲಸಕ್ಕೆ ಸೇರಿದ್ದಾನೆ. ಫೋನಿನಲ್ಲಿ ‘ಇವತ್ತು ಸೆಟ್ಟರಿಗೆ ಮೊಟ್ಟೆ ಹಾಕಿದೆವು ಅಮ್ಮಾ’ ಅನ್ನುತ್ತಾನೆ. ಎಂತ ಅದು ಸೆಟ್ಟರ್?
ಓದುಗರು, ಉಪ್ಪಳ

ಉತ್ತರ: ನೀವು ಕಾವಿಗೆ ಕೋಳಿ ಕೂರಿಸುತ್ತೀರಲ್ಲ ಅಮ್ಮಾ, ಹಳೆಯ ಬುಟ್ಟಿಯಲ್ಲಿ ಬೈಹುಲ್ಲು ಹಾಕಿ. ಅದಕ್ಕೆ ಇಂಗ್ಲಿಷಿನವರು ಕೋಳಿಯನ್ನು ‘ಸೆಟ್’ ಮಾಡುವುದು ಅಂತಲೇ ಹೇಳುತ್ತಿದ್ದರು, ನಮ್ಮ ಮಾತನ್ನೇ ಕೇಳಿಸಿಕೊಂಡ ಹಾಗೆ. ಅದರ ಅಡಿಯಲ್ಲಿಟ್ಟ ಅಷ್ಟೂ ಮೊಟ್ಟೆಗೆ ‘ಸೆಟ್ಟಿಂಗ್’ ಅಂತ ಹೆಸರು. ನಿಮ್ಮ ಮಗ ಇರುವಲ್ಲಿ ಕೋಳಿಯ ಬದಲು ಯಂತ್ರ ಕಾವು ಕೊಡುತ್ತದೆ, ಅದಕ್ಕೇ ‘ಸೆಟ್ಟರ್’. ನಿಮ್ಮ ಬುಟ್ಟಿಯಲ್ಲಿ ಹೇಗೋ ಅಲ್ಲಿಯೂ ಒಟ್ಟು 21 ದಿನ. ಮೊದಲ 18 ದಿನ ಮೊಟ್ಟೆ ಸೆಟ್ಟರಿನಲ್ಲಿ ಇರುತ್ತದೆ, ಕೋಳಿ ಕೊಕ್ಕಿನಿಂದ ತಿರುಗಿಸುವ ಹಾಗೆ ಅದೂ ಮೊಟ್ಟೆಯನ್ನು ಆಗಾಗ ವಾಲಿಸುತ್ತಿರುತ್ತದೆ. ಕೊನೆಯ 3 ದಿನ ‘ಹ್ಯಾಚರ್’ ಅನ್ನೋ ಬೇರೆ ಪೆಟ್ಟಿಗೆಗೆ ದಾಟಿಸುತ್ತಾರೆ. ಚಿಪ್ಪು ಒಡೆದು ಮರಿ ಹೊರಗೆ ಬರುವುದು ಅಲ್ಲಿ.